ಮನೆ ನಂಬರು

ಶ್ರೀರಾಂಪುರ, ಮೈಸೂರು
೧೪ ನವೆಂಬರ್ ೨೦೨೫

ಅಣ್ಣಾ,

ಹೇಗಿದ್ದೀಯ? ಹುಬ್ಬಳ್ಳಿಯ ನೀರು ಒಗ್ಗಿತೇ? ಬೇಕರಿ ಒಲೆಯ ಮುಂದೆ ನಿಂತು ನಿಂತು ನಿನ್ನ ಉಬ್ಬಸ ಹೆಚ್ಚಾಗಿಲ್ಲ ತಾನೇ? ಮೊದಲು ‘ಪ್ರೀತಿಯ ಅಣ್ಣ’ ಅಂತಲೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ನಿನ್ನ ಸ್ನೇಹಿತ ಮೋಹನನ್ನ ಕಾಡಿ ವಿಳಾಸ ಈಸಿಕೊಂಡೆ. ಅಪ್ಪನ ಮಂಡಿನೋವು ಹಾಗೇ ಇದೆ, ಆದರೂ ಪೇಂಟಿಂಗ್ ಕೆಲಸಕ್ಕೆ ಏಣಿ ಹತ್ತುತ್ತಾರೆ. ಅಮ್ಮ ಹಾಸ್ಟೆಲ್ಲಿನ ಅಡುಗೆ ಮುಗಿಸಿ ಬಂದು, ನಿನಗೆ ಇಷ್ಟ ಅಂತ ಹುರುಳಿಕಾಳಿನ ಬಸ್ಸಾರು ಮಾಡಿ, ನಮಗೆ ಬಡಿಸುತ್ತಾ ಮೂಗು ಒರೆಸಿಕೊಳ್ಳುತ್ತಾಳೆ. ಸಾಕಲ್ಲ, ಇಷ್ಟು ಕ್ಷೇಮ ಸಮಾಚಾರ?

ಈಗ ನನ್ನ ಸುದ್ದಿ ಕೇಳು. ಮಂಡಕಳ್ಳಿ ಕಡೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಖಾಲಿ ಇದೆ ಅಂತ ಅರ್ಜಿ ಹಾಕಿದೆ. ಅವರಿಗೆ ಜನ ಹುಡುಕಿಕೊಡುವುದು ಒಂಟಿಕೊಪ್ಪಲಿನ ಒಂದು ಆಫೀಸು. ನನ್ನ ಜೊತೆ ಬಿ.ಕಾಂ ಓದಿದ ಅನುಪಮಾ ಅಲ್ಲೇ ಕೆಲಸದಲ್ಲಿದ್ದಾಳೆ. ಅರ್ಜಿಯಲ್ಲಿ ನನ್ನ ಮೊಬೈಲ್ ನಂಬರು ಹಾಕಹೊರಟರೆ ಅಪ್ಪ ತಡೆದರು. ‘ಹೆಣ್ಮಕ್ಕಳ ನಂಬರ್ ಕಂಡಕಂಡೋರ್ಗೆಲ್ಲಾ ಯಾಕಮ್ಮ? ಮನೆ ನಂಬರ್ ಕೊಡು’ ಅಂದರು. ಮನೆ ನಂಬರು ಅಂದರೆ ಗೊತ್ತಲ್ಲ, ಅಪ್ಪನ ಜೇಬಿನ ಆ ಬಟನ್ ಫೋನು. ಗ್ಯಾಸಿಗೂ ಅದೇ, ರೇಷನ್ನಿಗೂ ಅದೇ, ನೆಂಟರಿಷ್ಟರಿಗೂ ಅದೇ. ಆಗಾಗ ಸಿಮ್ ಬದಲಾಯಿಸುತ್ತಿದ್ದ ನೀನೂ ಕೆಲಸ ಕೇಳಿದಲ್ಲೆಲ್ಲ ಅದನ್ನೇ ಕೊಟ್ಟಿದ್ದೆ.

ನನಗಿಂತ ಕಡಿಮೆ ಅಂಕ ತೆಗೆದ ಮಂಜುಶ್ರೀಗೆ ಸಂದರ್ಶನದ ಕರೆ ಬಂತು, ನನಗೆ ಬರಲಿಲ್ಲ. ಅನುಪಮಾಳನ್ನು ಹಿಡಿದು ಕೇಳಿದೆ. ಅವರ ಆಫೀಸಿನಲ್ಲಿ ಈಗ ಅರ್ಜಿಗಳನ್ನು ಮನುಷ್ಯರು ನೋಡುವುದೇ ಇಲ್ಲವಂತೆ. ಎಐ ಏಜೆಂಟ್ ಅಂತ ಒಂದನ್ನು ಕೂರಿಸಿದ್ದಾರೆ, ಹುಡುಕುವುದೂ ಅದೇ, ಮನುಷ್ಯರ ದನಿಯಲ್ಲಿ ಫೋನ್ ಮಾಡುವುದೂ ಅದೇ. ಅರ್ಜಿ ಬಂದ ತಕ್ಷಣ, ಇವರು ಮೊದಲೇ ನಮ್ಮ ಪಟ್ಟಿಯಲ್ಲಿದ್ದಾರೋ ಅಂತ ನಂಬರು ಹಿಡಿದು ಹುಡುಕುತ್ತದಂತೆ. ನನ್ನ ಅರ್ಜಿಯ ನಂಬರಿಗೆ ಸಿಕ್ಕವನು ನೀನು! ಅವರೇ ಕೊಡಿಸಿದ್ದ ಗೋಡೌನ್ ಕೆಲಸ, ಹಬ್ಬಕ್ಕೆ ರಜ ಕೊಡಲಿಲ್ಲ ಅಂತ ಯೂನಿಫಾರ್ಮನ್ನು ಗೇಟಿಗೆ ನೇತುಹಾಕಿ ಬಂದೆಯಲ್ಲ ಮಹಾರಾಯ, ಅದಕ್ಕೆ ‘ಹೇಳದೆ ಬಿಟ್ಟುಹೋದವನು, ಮತ್ತೆ ಕರೆಯಬೇಡಿ’ ಅಂತ ನಿನ್ನ ಹೆಸರಿನ ಮುಂದೆ ಬರೆದಿದ್ದಾರೆ. ಆ ಏಜೆಂಟ್ ನನ್ನ ಅಂಕಪಟ್ಟಿಯನ್ನೂ ತಂದು ಅದರ ಕೆಳಗೇ ಸೇರಿಸಿ, ನಮ್ಮಿಬ್ಬರನ್ನೂ ಒಬ್ಬರೇ ಮಾಡಿಬಿಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಗ ನನ್ನ ಮೊಬೈಲ್ ನಂಬರಿನಿಂದ ಹಾಕಿದರೂ, ಹೆಸರು ವಿಳಾಸ ನೋಡಿ ಮತ್ತೆ ನಿನ್ನ ಕೊರಳಿಗೇ ಕಟ್ಟುತ್ತದಂತೆ.

ಪಾಪ, ಅದೂ ಅನುಮಾನಪಟ್ಟು ಒಂದು ಸಲ ಮನೆಗೆ ಫೋನ್ ಮಾಡಿತ್ತು, ಇದು ಸಿದ್ದೇಶ್ ಅವರ ನಂಬರಾ ಅಂತ. ಅಪ್ಪ ‘ಹೂಂ ಕಣಮ್ಮ, ನನ್ ಮಗನ್ದೇ’ ಅಂದುಬಿಟ್ಟಿದ್ದಾರೆ. ಆವತ್ತು ಸಂಜೆ ಅಮ್ಮನ ಹತ್ತಿರ ಹೇಳಿದ್ದೇ ಹೇಳಿದ್ದು, ‘ಸಿದ್ದೇಶಂಗೆ ಕೆಲ್ಸದೋರು ಫೋನ್ ಮಾಡಿದ್ರು ಕಣೇ, ಎಷ್ಟು ಮರ್ಯಾದೆಯಿಂದ ಮಾತಾಡ್ತು ಆ ಹೆಣ್ಮಗಳು’ ಅಂತ. ಅದು ಮಿಷನ್ನು ಅಂತ ಈಗಲೂ ನಂಬುವುದಿಲ್ಲ.

ಸರಿಮಾಡುವ ದಾರಿಯನ್ನೂ ಅನುಪಮಾ ಹೇಳಿದಳು. ಏಜೆಂಟ್ ಇನ್ನೊಂದು ಸಲ ಫೋನ್ ಮಾಡುವ ಹಾಗೆ ಮಾಡುತ್ತಾಳೆ, ಎತ್ತಿದವರು ಸಿದ್ದೇಶ್ ಇಲ್ಲಿಲ್ಲ, ಇದು ಅವರ ನಂಬರಲ್ಲ ಅಂದರೆ ಮುಗಿಯಿತು, ನನ್ನ ಹೆಸರು ನಿನ್ನದರಿಂದ ಬೇರೆಯಾಗುತ್ತದೆ. ಅಪ್ಪನಿಗೆ ಹೇಳಿದರೆ ಕೈಯಲ್ಲಿದ್ದ ತಟ್ಟೆ ಕುಕ್ಕಿದರು. ‘ನನ್ ಮಗ ಈ ಮನೆಯೋನಲ್ಲ ಅಂತ ನನ್ ಬಾಯಲ್ಲೇ ಹೇಳುಸ್ತೀಯಾ? ಕೆಲ್ಸ ಹೋದ್ರೆ ಹೋಗ್ಲಿ ಬುಡು’ ಅಂದರು. ಹೊರಡು ಮನೆಯಿಂದ ಅಂತ ನಿನಗೆ ಅಂದವರೂ ಅವರೇ, ಮರೆತಿಲ್ಲ ನಾನು. ಹೋದವನ ಹೆಸರು ಉಳಿಯಬೇಕು, ಮಂಡಿಗೆ ಎಣ್ಣೆ ತಿಕ್ಕುತ್ತಾ ಇಲ್ಲೇ ಇರುವವಳು ಹೇಗಾದರೂ ಇರಲಿ. ನನಗೆ ಹೊಟ್ಟೆ ಉರಿಯುತ್ತದೆ ಅಣ್ಣ. ನೀನೇ ಆ ಆಫೀಸಿಗೆ ಒಂದು ಮಾತು ಹೇಳಿದ್ದರೂ ಸಾಕಿತ್ತು. ಎಷ್ಟು ಮೆಸೇಜು ಹಾಕಿದೆ, ಒಂದಕ್ಕಾದರೂ ಉತ್ತರ ಕೊಟ್ಟೆಯಾ?

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಕಾಗದ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ನಿನ್ನ ತಂಗಿ,
ಧರಣಿ

ತಾ.ಕ.: ಕಾಗದ ಮಡಿಚುವಾಗಲೇ ಆ ಏಜೆಂಟಿನ ಫೋನು ಬಂತು. ಅಪ್ಪ ಸ್ನಾನಕ್ಕೆ ಹೋಗಿದ್ದರು, ಅಂಗಿ ಗೂಟದಲ್ಲಿತ್ತು. ನಾನೇ ಎತ್ತಿ, ‘ಸಿದ್ದೇಶ್ ಅನ್ನೋರು ಈ ಮನೇಲಿ ಯಾರೂ ಇಲ್ಲ’ ಅಂದೆ. ಧನ್ಯವಾದ ಹೇಳಿ ಇಟ್ಟಿತು. ಸೋಮವಾರ ಸಂದರ್ಶನಕ್ಕೆ ಬಾ ಅಂತ ಆಗಲೇ ಮೆಸೇಜು ಬಂದಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ಅಪ್ಪ ಬಂದು ಯಾರದು ಫೋನು ಅಂದಾಗ ಅವಳೇ ‘ರಾಂಗ್ ನಂಬರ್ ಕಣ್ರೀ’ ಅಂದಳು. ಇನ್ನು ಮೇಲೆ ಆ ನಂಬರನ್ನು ಎಲ್ಲೂ ಕೊಡಬೇಡ ಅಣ್ಣ. ಮನಸ್ಸು ಬಂದರೆ ಅದಕ್ಕೊಂದು ಫೋನ್ ಮಾಡು, ಅಪ್ಪನೇ ಎತ್ತುತ್ತಾರೆ.