ನೆಲದ ಮೇಲಿದ್ದ ಸೀಸೆ

ಮಾನ್ಯ ಪರಿಶೀಲನಾಧಿಕಾರಿಗಳೇ,

ಕಳೆದ ಮಂಗಳವಾರ ತಾವು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿಗೆ ದಯಮಾಡಿಸಿ, ನೆಲದ ಮೇಲೆ ಒಂದು ಸೀಸೆ ಕಂಡು, ನರ್ಸ್ ಸಿಂಧು ಅವರಿಗೆ ನಿಂತ ನಿಲುವಿನಲ್ಲೇ ಮೆಮೊ ಕೊಟ್ಟಿರಿ. ಆ ಸೀಸೆ ನಮ್ಮಣ್ಣನದು. ತಪ್ಪು ಮಾಡಿದವನು ನಾನು. ಮೆಮೊ ಮಾತ್ರ ಆ ಹೆಣ್ಣುಮಗಳಿಗೆ. ಇದು ಯಾವ ಸೀಮೆ ನ್ಯಾಯ?

ಕಳಲೆಯ ನಮ್ಮಣ್ಣ ಗುರುಮಲ್ಲಪ್ಪನವರಿಗೆ ಶ್ವಾಸಕೋಶದ ಆಪರೇಷನ್ ಆಯಿತು. ಎದೆಯ ಮೇಲಿದ್ದ ಲಿಂಗ ತೋಳಿಗೆ ಹೋಯಿತು, ಪಕ್ಕೆಗೊಂದು ಕೊಳವೆ ಬಂತು. ಎದೆಯೊಳಗೆ ಉಳಿದ ಗಾಳಿ, ರಕ್ತ ಆ ಕೊಳವೆಯಲ್ಲಿ ಇಳಿದು ನೀರಿರುವ ಸೀಸೆ ಸೇರಬೇಕು. ಇಳಿಯಬೇಕೆಂದರೆ ಸೀಸೆ ಎದೆಗಿಂತ ಕೆಳಗಿರಬೇಕು. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆಂಬುದು ನಮ್ಮ ಕಪಿಲಾ ನದಿಗೂ ಗೊತ್ತು. ತಮ್ಮ ಕಚೇರಿಗೆ ಮಾತ್ರ ಆ ಬಗ್ಗೆ ಇನ್ನೂ ಸುತ್ತೋಲೆ ಬಂದಂತಿಲ್ಲ.

'ಸಾಹೇಬರು ಬರುವಾಗ ನೆಲದ ಮೇಲೆ ಏನೂ ಇರಕೂಡದು' ಎಂಬ ತಮ್ಮ ಅಪ್ಪಣೆ ಬೆಳಿಗ್ಗೆಯೇ ಬಂದಿತ್ತು. ಚಪ್ಪಲಿ, ಬಕೆಟ್ಟು, ಟಿಫನ್ ಕ್ಯಾರಿಯರ್ ಎಲ್ಲ ಮಂಚ ಹತ್ತಿದವು. ನಾನು ನಂಜನಗೂಡಿನಲ್ಲಿ ಹೆಡ್‌ಮಾಸ್ತರನಾಗಿದ್ದವನು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ನೆಲ ಖಾಲಿ ಮಾಡುವುದು ನನಗೆ ಮೂವತ್ತು ವರ್ಷದ ಚಾಳಿ. ಕೈ ಸುಮ್ಮನಿರಲಿಲ್ಲ. ಸೀಸೆಯನ್ನೆತ್ತಿ ಗ್ಲೂಕೋಸ್ ಸ್ಟ್ಯಾಂಡಿಗೆ ನೇತುಹಾಕಿ, ದೂರ ನಿಂತು ಅಂದ ನೋಡಿದೆ.

ಇಳಿದದ್ದೆಲ್ಲ ಎದೆಗೆ ವಾಪಸು ಹೊರಟಿತು. ಅಣ್ಣ ಉಸಿರಿಗೆ ಒದ್ದಾಡಿದರು. "ಅಯ್ಯೋ, ಏನ್ ಮಾಡ್ಬುಟ್ಟೆ ಶಿವಸ್ವಾಮಿ!" ಎಂದು ಅತ್ತಿಗೆ ಮಹದೇವಮ್ಮ ಕಿರುಚಿದ್ದು ಕೇಳಿ ಸಿಂಧು ಓಡಿಬಂದರು. ಕೊಳವೆಯನ್ನು ಅದುಮಿ ಹಿಡಿದು ಸೀಸೆಯನ್ನು ನೆಲಕ್ಕಿಳಿಸಿದರು. ಅಣ್ಣನ ಉಸಿರು ಮೆಲ್ಲಗೆ ಹದಕ್ಕೆ ಬಂತು.

ಅಷ್ಟರಲ್ಲಿ ತಮ್ಮ ಸವಾರಿ ಬಂತು.

"ಅದು ಕೆಳಗೇ ಇರ್ಬೇಕು ಸರ್" ಎಂದರು ಸಿಂಧು.

"ನನಗೇ ಪಾಠ ಹೇಳ್ಕೊಡ್ತೀರೇನ್ರೀ?"

ಸ್ವಾಮಿ, ಪಾಠ ಹೇಳಬೇಕಾದ ಮೇಷ್ಟ್ರು ಪಕ್ಕದಲ್ಲೇ ಕೈಮುಗಿದುಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದ. ಅದೂ ಹಳೇ ಚಾಳಿಯೇ. ನನಗೆ ನಾಚಿಕೆಯಾಗಿದೆ.

ಸಿಂಧು ಗುತ್ತಿಗೆಯ ನರ್ಸು. ಈ ಮೆಮೊ ಕಡತದಲ್ಲಿ ಉಳಿದರೆ ತಿಂಗಳ ಕೊನೆಗೆ ಅವರ ಕೆಲಸ ಹೋಗುತ್ತದೆ. ಉಸಿರು ಉಳಿಸಿದ್ದು ಕರ್ತವ್ಯಲೋಪವೇ? ಮೆಮೊ ಹಿಂದಕ್ಕೆ ಪಡೆಯಿರಿ. ಯಾರ ಮೇಲಾದರೂ ಬರೆಯಲೇಬೇಕೆಂದು ಕೈ ತುರಿಸಿದರೆ ನನ್ನ ಹೆಸರಿಗೆ ಬರೆಯಿರಿ. ಅಣ್ಣ ಇನ್ನೂ ನಾಲ್ಕು ದಿನ ಅಲ್ಲೇ ಇರುತ್ತಾರೆ, ಮತ್ತೊಮ್ಮೆ ದಯಮಾಡಿಸಿ. ಈ ಸಲ ನಾನು ಎದ್ದು ನಿಲ್ಲುವುದಿಲ್ಲ. ತಮ್ಮ ವರದಿಗೆ ಈಗಲೇ ಬರೆದುಕೊಳ್ಳಿ: ನೆಲದ ಮೇಲೆ ಸೀಸೆ ಒಂದು, ಅದರ ಕಾವಲಿಗೆ ಮೇಷ್ಟ್ರು ಒಬ್ಬ.

ಇಂತಿ,
ಆವತ್ತು ಬಾಯಿ ಬಿಡಬೇಕಾಗಿದ್ದ
ಶಿವಸ್ವಾಮಿ, ನಿವೃತ್ತ ಹೆಡ್‌ಮಾಸ್ತರ, ನಂಜನಗೂಡು