ಆರು ವಾರ ನಾನು ಸುಮ್ಮನಿದ್ದುದು

ಆಪಾ,

ನೀವು ಇದ್ದಾಗ ಒಂದು ಸಲವೂ ಹೀಗೆ ಕರೆಯಲಿಲ್ಲ. ಅಕ್ಕ ಅನ್ನು, ಇಲ್ಲ ನನ್ನ ತಂಗಿಯರ ಹಾಗೆ ನೀನೂ ಆಪಾ ಅನ್ನು ಎಂದು ಎಷ್ಟು ಸಲ ಹೇಳಿದಿರಿ! ತುಟಿಯವರೆಗೆ ಬಂದದ್ದು ‘ಮೇಡಂ’ ಆಗಿಬಿಡುತ್ತಿತ್ತು. ಈಗ ಲ್ಯಾಬಿನಲ್ಲಿ ಯಾರೂ ಇಲ್ಲ. ಹುಡುಗಿಯರು ಊಟಕ್ಕೆ ಹೋಗಿದ್ದಾರೆ. ನಾಚಿಕೊಳ್ಳಲು ಎದುರಿಗೆ ನೀವೂ ಇಲ್ಲ.

ನೀವು ತೀರಿಕೊಂಡ ಸುದ್ದಿ ಬಂದ ದಿನ ಹೊಸದುರ್ಗದಿಂದ ಬಸ್ಸು ಹತ್ತಿ, ಹೊಳಲ್ಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ಚಿತ್ರದುರ್ಗದ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ನಿಮ್ಮನ್ನು ಮಣ್ಣಿಗೆ ಒಯ್ದಾಗಿತ್ತು. ಬಾಗಿಲಲ್ಲಿ ನಿಂತಿದ್ದ ನಿಮ್ಮ ತಂಗಿ, “ಯಾರಮ್ಮ ನೀನು? ಒಳಗೆ ಬಾ” ಎಂದರು. ಯಾರು ಎನ್ನಲಿ? ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ನೀವು ಪಾಠ ಮಾಡಿದಿರಿ, ನಾನು ಗಾಜು ತೊಳೆದೆ. ಅದಕ್ಕೆ ಏನು ಹೆಸರು? “ಕಾಲೇಜಿನವಳು” ಎಂದೆ. ಸ್ವಲ್ಪ ಹೊತ್ತು ಚಪ್ಪಲಿಗಳ ಪಕ್ಕ ನಿಂತಿದ್ದು ಬಂದುಬಿಟ್ಟೆ.

ಕೆಮಿಸ್ಟ್ರಿ ಲ್ಯಾಬಿನ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಬಾಟಲಿಗಳನ್ನು ಮೂಸಿ ಮೂಸಿ ಜೋಡಿಸುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಂಗ್ಲಿಷ್ ಚೀಟಿ ಓದಲು ಬರಬೇಕಲ್ಲ? ನೀವು ಓಡಿ ಬಂದು ಕೈಯಿಂದ ಕಿತ್ತುಕೊಂಡಿರಿ. “ಲೇ ಗಂಗಾ, ಇದೇನು ಒಗ್ಗರಣೆ ಡಬ್ಬೀನೇನೇ? ಒಂದಿನ ಮೂಗೇ ಹೋಗ್ತದೆ!” ಸಂಜೆ ಕೂತು ಪ್ರತಿ ಬಾಟಲಿಗೂ ಕನ್ನಡದ ಚೀಟಿ ಅಂಟಿಸಿದಿರಿ. ಹಳೆಯ ಉತ್ತರ ಪತ್ರಿಕೆಗಳ ಖಾಲಿ ಹಾಳೆ ಕೊಟ್ಟು, “ದಿನಾ ಕಂಡಿದ್ದು ನಾಲ್ಕು ಸಾಲು ಬರಿ, ಅಕ್ಷರ ಮರ್ತು ಹೋಗಲ್ಲ” ಎಂದಿರಿ. ಆ ಚಟ ಇನ್ನೂ ಬಿಟ್ಟಿಲ್ಲ.

ಒಂದು ಬೇಸಿಗೆ ನನ್ನನ್ನೂ ಕರೆದುಕೊಂಡು ಮತ್ತೋಡಿನ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಿರಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಒಳ್ಳೆಯ ನಂಬರು ತೆಗೆದ ಬಡವರ ಹುಡುಗಿಯರ ಪಟ್ಟಿ ನಿಮ್ಮ ಚೀಲದಲ್ಲಿ ಇರುತ್ತಿತ್ತು. ಅವರೆಲ್ಲ ಆರ್ಟ್ಸಿಗೇ ಯಾಕೆ ಹೋಗಬೇಕು ಎಂಬುದು ನಿಮ್ಮ ಜಗಳ. ಆವತ್ತು ಹುಡುಕಿ ಹೋದದ್ದು ಹರಿಜನ ಕೇರಿಯ ಹನುಮಕ್ಕನನ್ನು. ಅವಳ ಅವ್ವ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು.

“ಸೈನ್ಸ್‌ನಾಗೆ ಏನ್ ಕಲಿಸ್ತೀರ್ರಿ ಮೇಡಮ್ಮಾರೆ?”

“ಉಪ್ಪು ಕೊಡ್ತೀವಿ. ಅದು ಯಾವ ಉಪ್ಪು ಅಂತ ಹುಡುಗೀರು ಕಂಡುಹಿಡೀಬೇಕು.”

“ನಾಲಿಗೆ ಮ್ಯಾಲೆ ಇಟ್ಕಂಡ್ರೆ ಗೊತ್ತಾಗಲ್ವಾ? ಅದಕ್ಕೆ ಎರಡು ವರ್ಷ ಬೇಕಾ?”

“ಆಮೇಲೆ ನಾಲಿಗೆ ಉಳೀಬೇಕಲ್ಲವ್ವ! ಸುಮ್ನೆ ಕಳ್ಸು” ಎಂದು ನೀವು ನಕ್ಕಿರಿ. ಅವಳೂ ನಕ್ಕಳು. ಹನುಮಕ್ಕ ಆ ಕೇರಿಯಿಂದ ಸೈನ್ಸಿಗೆ ಬಂದ ಮೊದಲ ಹುಡುಗಿಯಾದಳು.

ಅವಳ ಮೊದಲ ಪ್ರಾಕ್ಟಿಕಲ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಕ್ಕದವಳು ವಾಣಿ, ಪೇಟೆಯ ಅಂಗಡಿಯವರ ಮಗಳು. ಹನುಮಕ್ಕ ಶೆಲ್ಫಿನ ಬಾಟಲಿ ಮುಟ್ಟಲೇ ಇಲ್ಲ. ಟೆಸ್ಟ್ ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟಕ್ಕಿಂತ ಕೆಳಗೆ ಇಳಿಸಿ, ತಲೆ ಬಗ್ಗಿಸಿ ನಿಂತಳು. ವಾಣಿ ಮೇಲಿನಿಂದ ಸುರಿದಳು. ಮುಂದಿನ ವಾರವೂ ಹಾಗೇ. “ಏನೇ ಮಹಾರಾಣಿ, ನಿನಗೆ ಬಡಿಸೋಕೆ ಆಳು ಬೇಕಾ?” ಎಂದು ನೀವು ಕೇಳಿದಿರಿ. ಕ್ಲಾಸು ಗೊಳ್ಳೆಂದಿತು. ಹನುಮಕ್ಕ ಇನ್ನೂ ಬಗ್ಗಿದಳು.

ನಾನು ತೊಟ್ಟಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದೆ. ನನಗೆ ಮೊದಲ ದಿನವೇ ಗೊತ್ತಾಗಿತ್ತು, ಆಪಾ. ಮೇಲಿನ ಕೇರಿಯವರ ಮನೆ ಮುಂದೆ ನೀರು ಕೇಳಿದವರು ನಿಲ್ಲುವುದು ಹಾಗೆ. ಪಾತ್ರೆ ಮುಟ್ಟಬಾರದು. ಬೊಗಸೆ ತಗ್ಗಿಸಿ ಹಿಡಿಯಬೇಕು, ಅವರು ಎತ್ತರದಿಂದ ಹೊಯ್ಯಬೇಕು. ಅವಳ ಕೈಗೆ ಅದು ನಡೆಯುವುದು ಕಲಿಯುವ ಮೊದಲೇ ಬಂದಿರುತ್ತದೆ. ನನ್ನ ಕೈಗೂ ಬಂದಿತ್ತು. ಕೆಲಸ ಕೇಳಲು ಬಂದಾಗ ‘ಹೊಳಲ್ಕೆರೆ ಕಡೆಯವಳು’ ಎಂದಷ್ಟೇ ಹೇಳಿದ್ದೆ. ಸ್ಟಾಫ್ ರೂಮಿನ ಕುಡಿಯುವ ನೀರಿನ ಕೊಡ ತುಂಬುವವಳೂ ನಾನೇ. ಅವಳ ವಿಷಯ ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ, ಆ ಕೊಡ ಮತ್ತೆ ಮುಟ್ಟಲು ಬಿಡುತ್ತಿದ್ದರೇ?

ಆರನೆಯ ವಾರ ನೀವು ಹನುಮಕ್ಕನನ್ನು ಆರ್ಟ್ಸಿಗೆ ಬದಲಾಯಿಸುವ ಅರ್ಜಿ ಬರೆದು ಮೇಜಿನ ಮೇಲಿಟ್ಟಿರಿ. “ಕೈಯೇ ಆಡ್ಸಲ್ಲ ಅಂತಾಳೆ. ನಾನೇ ಸುಮ್ನೆ ಆಸೆ ಪಟ್ಟೆ ಕಣೇ” ಎಂದಿರಿ. ನಿಮ್ಮ ದನಿ ಹಾಗೆ ಕುಗ್ಗಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಬೆಳಗಾದರೆ ಆ ಕಾಗದ ಪ್ರಿನ್ಸಿಪಾಲರಿಗೆ ಹೋಗುತ್ತಿತ್ತು. ನಿಮ್ಮ ನೀರಿನ ಚೊಂಬು ತಂದು ನಿಮ್ಮ ಕೈಗೆ ಕೊಟ್ಟೆ. “ನೀರು ಹೊಯ್ರಿ ಮೇಡಂ” ಎಂದು ಬಗ್ಗಿ ಬೊಗಸೆ ಹಿಡಿದೆ.

“ಏನಾತೇ ನಿಂಗೆ? ಲೋಟ ಇಲ್ವಾ?”

“ಹೊಯ್ರಿ.”

ಹೊಯ್ದಿರಿ. ಅರ್ಧ ನೆಲಕ್ಕೆ ಹೋಯಿತು. “ನಮ್ಮೋರು ಹಿಡಿಯೋದು ಹಿಂಗೇರಿ. ಹನುಮಕ್ಕನೂ ಹಿಂಗೇ ಹಿಡಿದಿರೋದು” ಎಂದೆ. ನೀವು ಚೊಂಬು ಹಿಡಿದುಕೊಂಡೇ ಕೂತಿರಿ. “ನಮ್ಮೋರು ಅಂದೆಯಾ?” ಎಂದಿರಿ. ನಾನು ತಲೆಯಾಡಿಸಿದೆ. “ನಾನು ಅವಳಿಗೆ ಮಹಾರಾಣಿ ಅಂದ್ನಲ್ಲೇ…” ಎನ್ನುತ್ತಾ ಎದ್ದಿರಿ. ಅರ್ಜಿ ಹರಿದಿರಿ. ಮೊದಲೇ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಲಿಲ್ಲ. ಆವತ್ತೂ ಇಲ್ಲ, ಮುಂದೆಂದೂ ಇಲ್ಲ. ನನ್ನ ಗುಟ್ಟನ್ನೂ ಯಾರಿಗೂ ಹೇಳಲಿಲ್ಲ.

ಮುಂದಿನ ಪ್ರಾಕ್ಟಿಕಲ್ಲಿಗೆ ನೀವು ಹೊಸ ನಿಯಮ ತಂದಿರಿ: ಇನ್ನು ಮೇಲೆ ಶೆಲ್ಫಿನ ಬಾಟಲಿಗಳನ್ನು ತುಂಬುವುದು ಗಂಗಾ ಅಲ್ಲ, ಸರದಿಯ ಮೇಲೆ ಹುಡುಗಿಯರೇ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಮೂರನೆಯ ವಾರ ಹನುಮಕ್ಕನ ಸರದಿ. ಸಿಲ್ವರ್ ನೈಟ್ರೇಟ್ ಚೆಲ್ಲಿಕೊಂಡು ಅವಳ ಬೆರಳೆಲ್ಲ ಕಪ್ಪಾಯಿತು. ಆರು ವಾರ ಅವಳಿಗೆ ಸುರಿದುಕೊಟ್ಟಿದ್ದ ವಾಣಿಯೇ ಎದ್ದು, “ಮೇಡಂ, ನಾನು ಬೇರೆ ಬಾಟ್ಲಿ ತಗಳ್ಳಾ?” ಎಂದಳು. ನೀವು ಕನ್ನಡಕ ಒರೆಸುತ್ತಾ, “ಬೇರೆ ಇಲ್ಲಮ್ಮ. ಉಪ್ಪು ಯಾವುದು ಅಂತ ನೀವು ಕಂಡುಹಿಡೀಬೇಕು. ನೀವು ಯಾರು ಅಂತ ಉಪ್ಪು ಕಂಡುಹಿಡಿಯೋದು ಬ್ಯಾಡ” ಎಂದಿರಿ. ವಾಣಿ ಅದೇ ಬಾಟಲಿ ತೆಗೆದುಕೊಂಡಳು. ಬೇರೆ ಏನು ಮಾಡುತ್ತಾಳೆ? ಪ್ರಾಕ್ಟಿಕಲ್ ಮುಗಿಯಬೇಕಲ್ಲ.

ನಿಮಗೆ ಚಿತ್ರದುರ್ಗಕ್ಕೆ ವರ್ಗವಾದಾಗ ಹನುಮಕ್ಕ ಬಿ.ಎಸ್ಸಿ. ಓದುತ್ತಿದ್ದಳು. ಆ ವರ್ಷವೇ ನೀವು ಹೋಗಿಬಿಟ್ಟಿರಿ; ಅಲ್ಲಿಯವರೆಗೆ ನಿಮಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ ಕೇಳಿ. ದಾವಣಗೆರೆಯಲ್ಲಿ ಎಂ.ಎಸ್ಸಿ. ಮಾಡಿದಳು. ಈ ಜೂನ್‌ನಲ್ಲಿ ನಮ್ಮ ಕಾಲೇಜಿಗೇ ಕೆಮಿಸ್ಟ್ರಿ ಲೆಕ್ಚರರ್ ಆಗಿ ಬಂದಿದ್ದಾಳೆ. ಸದ್ಯಕ್ಕೆ ಪಾರ್ಟ್ ಟೈಮು. ನಾನು ಮೇಡಂ ಎಂದರೆ, “ಅಯ್ಯೋ ಗಂಗಕ್ಕ, ಸುಮ್ನಿರ್ರಿ” ಎನ್ನುತ್ತಾಳೆ. ಸೇರಿದ ವಾರವೇ ನಿಮ್ಮ ಹಾಗೆ ಕೇರಿ, ಹಟ್ಟಿ, ತಾಂಡ ತಿರುಗಿ ಐದು ಹುಡುಗಿಯರನ್ನು ಸೈನ್ಸಿಗೆ ಕರೆತಂದಿದ್ದಾಳೆ.

ಮೊನ್ನೆ ಆ ಐವರನ್ನು ಕೂರಿಸಿಕೊಂಡು ತನ್ನ ಕಥೆ ಹೇಳುತ್ತಿದ್ದಳು. “ನಾನು ಬಾಟ್ಲಿ ಮುಟ್ತಾ ಇರ್ಲಿಲ್ಲ. ಯಾಕೆ ಅಂತ ಜಬೀನಾ ಮೇಡಂ ಒಬ್ರಿಗೆ ಗೊತ್ತಾತು ನೋಡ್ರೇ. ನಾನೂ ಹೇಳಿರ್ಲಿಲ್ಲ, ಯಾರೂ ಹೇಳಿರ್ಲಿಲ್ಲ. ಅಂಥಾ ಕಣ್ಣು ಅವ್ರಿಗಿತ್ತು.” ನಾನು ತೊಟ್ಟಿಯ ಹತ್ತಿರವೇ ಇದ್ದೆ. ಬೀಕರಿಗೆ ಸೋಪು ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದೆ.

ಬೇಸರವಾಯಿತೇ? ಆಯಿತು. ಸುಳ್ಳು ಯಾಕೆ ಹೇಳಲಿ. ಆದರೆ ಹೇಳಿಕೊಂಡರೆ ಅವಳು ಮೊದಲು ಕೇಳುವುದು ನೀವು ಕೇಳದೆ ಬಿಟ್ಟದ್ದನ್ನೇ. ‘ಮೊದಲ ದಿನವೇ ಗೊತ್ತಿತ್ತಾ ಗಂಗಕ್ಕ? ಅವರೆಲ್ಲ ನಗುವಾಗ ನೀವು ಅಲ್ಲೇ ಇದ್ರಾ?’ ಇದ್ದೆ. ನನ್ನ ಕೊಡ ಉಳಿಯಲಿ ಎಂದು ಸುಮ್ಮನಿದ್ದೆ. ಇದನ್ನು ತಿಳಿದಿದ್ದವರು ಇಬ್ಬರೇ. ನೀವು ಹೋದ ಮೇಲೆ ನಾನೊಬ್ಬಳೇ ತಿಳಿದುಕೊಂಡು ಓಡಾಡುತ್ತಿದ್ದೇನೆ. ಒಂದು ಮಾತನ್ನು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡರೆ ಅದು ಎಷ್ಟು ಭಾರವಾಗುತ್ತದೆ ಎಂದು ನಿಮಗೆ…

ಸೋಮವಾರ ಪ್ರಾಕ್ಟಿಕಲ್ ಇದೆ. ಹುಡುಗಿಯರಿಗಿಂತ ಅರ್ಧ ಗಂಟೆ ಮೊದಲೇ ಹನುಮಕ್ಕ ಬರುತ್ತಾಳೆ. ಬಾಗಿಲು ತೆಗೆಯುವವಳು ನಾನೇ. ಆಗ ಎಲ್ಲ ಹೇಳುತ್ತೇನೆ, ನಾನು ಯಾವ ಕೇರಿಯವಳು ಎಂಬುದನ್ನೂ ಸೇರಿಸಿ. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ ಅದೂ ಸರಿ. ನಿಮ್ಮ ಕಣ್ಣಿನ ಬಗ್ಗೆ ಅವಳು ನಂಬಿಕೊಂಡದ್ದರಲ್ಲಿ ಸ್ವಲ್ಪ ಕಿತ್ತುಕೊಂಡ ಹಾಗಾಗುತ್ತದೆ, ಕ್ಷಮಿಸಿ. ಆದರೆ ಅವಳಿಗೆ ಒಂದು ವಿಷಯ ಗೊತ್ತಾಗಬೇಕು ಆಪಾ. ತಲೆ ಬಗ್ಗಿಸಿ ನಿಂತಿದ್ದ ಆ ಆರು ವಾರ, ಆ ಕೋಣೆಯಲ್ಲಿ ಅವಳೊಬ್ಬಳೇ ಇರಲಿಲ್ಲ.

ನಿಮ್ಮ
ಗಂಗಾ