ಕಾರ್ಡ್ ಮುಚ್ಚಿದ ಮೇಲೆ ಉಳಿದ ಮೈಲುಗಳು

ದೊಮ್ಮಲೂರು, ಬೆಂಗಳೂರು
ಶನಿವಾರ, ೮ ನವೆಂಬರ್ ೨೦೨೫

ಪ್ರೀತಿಯ ಪದ್ದು,

ಹೇಗಿದ್ದೀಯ ಕಂದಾ? ಕತ್ತು ನೋವು ಕಡಿಮೆಯಾಯಿತೇ? ಶಾಲೆಯ ಮಕ್ಕಳ ನೋಟ್‌ಬುಕ್ಕುಗಳನ್ನು ಬಗ್ಗಿ ಬಗ್ಗಿ ತಿದ್ದಿ ಕತ್ತು ಹಿಡಿದುಕೊಂಡಿದೆ ಎಂದು ನಿಮ್ಮತ್ತೆ ಮಹೀನ್ ಹೇಳಿದರು. ಬಿಸಿನೀರಿನ ಶಾಖ ಕೊಟ್ಟುಕೋ, ಉದಾಸೀನ ಮಾಡಬೇಡ. ಮಸ್ಕತ್‌ನಲ್ಲಿ ಈಗಲಾದರೂ ಬಿಸಿಲು ಇಳಿದಿದೆಯೇ? ಮುದಸ್ಸಿರ್ ಆರೋಗ್ಯವಾಗಿದ್ದಾನೆಯೇ? ಅವನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಬಡ್ತಿ ಸಿಕ್ಕಿತಂತೆ, ಅದನ್ನೂ ಅವರೇ ಹೇಳಿದರು. ಮಗಳ ಮನೆಯ ಸುದ್ದಿಯನ್ನೆಲ್ಲ ಇನ್ನೊಬ್ಬರ ಬಾಯಿಂದ ಕೇಳುವ ತಾಯಿ ನಾನೊಬ್ಬಳೇ ಇರಬೇಕು.

ಗುರುವಾರ ಶಿವಾಜಿನಗರಕ್ಕೆ, ನಿಮ್ಮತ್ತೆಯ ಮನೆಗೆ ಹೋಗಿದ್ದೆ. ನಿನ್ನ ಮದುವೆಯಾಗಿ ಮೂರು ವರ್ಷವಾಯಿತು, ಇಲ್ಲಿಂದ ಅಲ್ಲಿಗೆ ಒಂದೇ ಬಸ್ಸು, ಆದರೂ ನಾನು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ. ಅವರು ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದು, "ಯಾಕೆ ಸುಕನ್ಯಮ್ಮ, ಬಾಗಿಲಲ್ಲೇ ನಿಂತ್ಕೊಂಬಿಟ್ರಿ? ಆವೋ, ಒಳಗೆ ಬನ್ನಿ" ಎಂದು ಕೈ ಹಿಡಿದು ಕೂರಿಸಿದರು. ನಿನ್ನ ಹೊಸ ನಂಬರ್ ಕೊಡುತ್ತೇನೆ, ಈಗಲೇ ಮಾತಾಡಿ ಎಂದರು. ನಾನೇ ಬೇಡವೆಂದೆ. ಫೋನಿನಲ್ಲಿ ನಾನು ಅತ್ತುಬಿಡುತ್ತೇನೆ, ನೀನು ಗಾಬರಿಯಾಗುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅವರು ಮಂಗಳವಾರ ನಿಮ್ಮಲ್ಲಿಗೆ ಹೊರಟಿದ್ದಾರಲ್ಲ, ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಕೂತು ನಿಧಾನವಾಗಿ ಓದು.

ದಸರಾಕ್ಕೆ ಮೊದಲಿನಿಂದಲೇ ನಿಮ್ಮಪ್ಪ ಒಂದೊಂದೇ ಕಟ್ಟಿಡಲು ಶುರುಮಾಡಿದ್ದರು. ಗ್ಯಾಸ್ ನನ್ನ ಹೆಸರಿಗಾಯಿತು. ಮನೆಯ ಖಾತಾ, ವಿಮೆಯ ಕಾಗದ ಎಲ್ಲ ಒಂದು ಫೈಲಿಗೆ ಬಂದು ನನ್ನ ಬೀರುವಿಗೆ ಸೇರಿತು. ಒಂದು ಭಾನುವಾರ ಬೈಕನ್ನೂ ಮಾರಿ ನಡೆದುಕೊಂಡು ಬಂದರು. ಕೇಳಿದರೆ "ವಯಸ್ಸಾಯ್ತಲ್ಲೇ, ಎಲ್ಲ ನೀಟಾಗಿರ್ಲಿ ಅಂತ" ಎಂದು ನಕ್ಕರು, ನಗುತ್ತಲೇ ಕೆಮ್ಮಿದರು. ಅರವತ್ತು ತುಂಬದ ಮನುಷ್ಯ ಆಡುವ ಮಾತೇ ಅದು? ಆ ಕೆಮ್ಮನ್ನು ನಾನು ಮೋಟಾರು ರಿಪೇರಿ ಅಂಗಡಿಯ ವಾರ್ನಿಷ್ ಹೊಗೆಗೆ ಬಂದದ್ದು ಎಂದುಕೊಂಡು ಕಷಾಯ ಮಾಡಿ ಕೊಡುತ್ತಿದ್ದೆ. ನನ್ನ ಬುದ್ಧಿಗಿಷ್ಟು.

ಆಮೇಲೆ ಕಾರ್ಡಿನ ಸರದಿ ಬಂತು. ಆ ಕ್ರೆಡಿಟ್ ಕಾರ್ಡ್ ನಿನಗೆ ನೆನಪಿರಬೇಕು. ಮೋಟಾರು ಸುತ್ತುವ ತಾಮ್ರದ ತಂತಿಯನ್ನೆಲ್ಲ ಅದರಲ್ಲೇ ತರುತ್ತಿದ್ದರು. ಅದರಲ್ಲಿ ಖರೀದಿಸಿದಷ್ಟೂ ವಿಮಾನ ಕಂಪನಿಯಲ್ಲಿ ಮೈಲುಗಳು ಸೇರುತ್ತವೆ, ಆ ಮೈಲುಗಳನ್ನು ಕೊಟ್ಟು ಟಿಕೆಟ್ ತೆಗೆದುಕೊಳ್ಳಬಹುದು ಎಂದು ನೀನೇ ಕಾಲೇಜಿನಲ್ಲಿದ್ದಾಗ ಅವರಿಗೆ ವಿವರಿಸಿದ್ದೆ. ಆ ಮನುಷ್ಯ ವಿಮಾನ ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಮೋಟಾರು ಅಂಗಡಿಗಳ ಸಂಘದವರ ಜೊತೆ ಕೊಯಮತ್ತೂರಿಗೆ. ಅಂಥವರು ಅವತ್ತು ಬ್ಯಾಂಕಿಗೆ ಫೋನ್ ಮಾಡಿ ಸ್ಪೀಕರ್ ಹಾಕಿಕೊಂಡು ಕೂತಿದ್ದರು. ನಾನು ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಕಾರ್ಡ್ ಯಾಕೆ ಕ್ಲೋಸ್ ಮಾಡ್ತೀರಾ ಸರ್, ವರ್ಷದ ಫೀಸ್ ಬೇಕಾದರೆ ಬಿಡಿಸಿಕೊಡ್ತೀವಿ ಎಂದು ಆ ಹುಡುಗಿ ಎಷ್ಟೋ ಹೇಳಿದಳು. ಇವರದು ಒಂದೇ ಹಠ. "ಅದೆಲ್ಲ ಬೇಡಮ್ಮ. ಕಾರ್ಡ್ ಹೋದ್ರೆ ಮೈಲ್ಸ್ ಉಳೀತಾವಾ, ಹೋಗ್ತಾವಾ? ಅದೊಂದ್ ಹೇಳು." ಮೂರು ಸಲ ಕೇಳಿದರು. ಕೊನೆಗೆ ಅವಳು, "ಏರ್‌ಲೈನ್ ಅಕೌಂಟ್‌ಗೆ ಆಗ್ಲೇ ಹೋಗಿರೋದು ನಿಮ್ದೇ ಸರ್. ನಮ್ಮತ್ರ ಉಳ್ದಿರೋ ಪಾಯಿಂಟ್ಸ್‌ನ ಮೊದ್ಲು ಅಲ್ಲಿಗೆ ಕಳ್ಸ್ಕೊಳ್ಳಿ, ಕ್ಲೋಸ್ ಆದ್ಮೇಲೆ ಸಿಗಲ್ಲ. ಆದ್ರೆ ಈ ವರ್ಷ ಬಂದಿರೋ ಬೋನಸ್ ವಾಪಸ್ ತಗೊಂಡ್ರೂ ತಗೋಬೋದು, ಅದು ನಂಗೆ ಗೊತ್ತಾಗಲ್ಲ" ಎಂದಳು.

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು ಪದ್ದು. ಎಲ್ಲವನ್ನೂ ಮುಚ್ಚುತ್ತಿರುವವರಿಗೆ ವಿಮಾನದ ಮೈಲು ಮಾತ್ರ ಯಾಕೆ ಬೇಕು? ಎಲ್ಲಿಗೆ ಹೊರಟಿದ್ದಾರೆ? ಹೇಳದೆ ಕೇಳದೆ ಒಬ್ಬರೇ ಕಾಶಿಗೋ ಎಲ್ಲಿಗೋ ಹೋಗಿಬಿಡುವ ಯೋಚನೆಯೇ? ಅವತ್ತಿನಿಂದ ಅವರು ಅಂಗಡಿಗೆ ಹೊರಟರೆ ಬಸ್‌ಸ್ಟಾಪಿನವರೆಗೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದೆ. ಸ್ನಾನಕ್ಕೆ ಹೋಗಿ ಸ್ವಲ್ಪ ತಡವಾದರೆ ಬಾಗಿಲು ತಟ್ಟುತ್ತಿದ್ದೆ. ನಾಲ್ಕನೆಯ ದಿನ ಹಾಸಿಗೆ ಬಿಸಿಲಿಗೆ ಹಾಕಲು ಎತ್ತಿದಾಗ ಕೆಳಗೆ ಸ್ಕ್ಯಾನಿನ ದೊಡ್ಡ ಕವರು ಸಿಕ್ಕಿತು. ನನಗೆ ಬರುವ ಇಂಗ್ಲಿಷಿನಲ್ಲಿ ಎಡಗಡೆಯ ಶ್ವಾಸಕೋಶ, ಗಡ್ಡೆ, ಇಷ್ಟು ಅರ್ಥವಾಯಿತು. ತಾರೀಕು ಆಗಸ್ಟಿನದು.

ಸೆರಗಿನಲ್ಲಿ ಮುಚ್ಚಿಕೊಂಡು ಹಲಸೂರಿನ ಅಂಗಡಿಗೇ ಹೋದೆ. ಕವರನ್ನು ಅವರ ಮುಂದಿಟ್ಟೆ. ಮೋಟಾರಿನಿಂದ ಕೈ ತೆಗೆದು, "ನೋಡ್ಬಿಟ್ಯಾ" ಎಂದರು, ಅಷ್ಟೇ. ಅವರೇ ಸ್ಟೂಲು ಎಳೆದು ಕೂರಿಸಿದರು. ಗಡ್ಡೆಯ ತುಣುಕು ತೆಗೆದು ಪರೀಕ್ಷೆ ಮಾಡಿದ್ದಾರೆ, ಅದು ಕ್ಯಾನ್ಸರ್ರೇ. ಬೇರೆ ಕಡೆ ಹರಡಿಲ್ಲವಂತೆ, ಒಂದು ಭಾಗ ಕತ್ತರಿಸಿ ತೆಗೆಯಬೇಕಂತೆ. ಹಳೆಯ ಸಕ್ಕರೆ ಕಾಯಿಲೆ, ಹೃದಯವೂ ಸ್ವಲ್ಪ ಸೋತಿದೆ, ಹಾಗಾಗಿ ಡಾಕ್ಟರು ಯಾವ ಮಾತೂ ಕೊಟ್ಟಿಲ್ಲ. "ಎದ್ ಬಂದ್ರೆ ಹೊಸ ಕಾರ್ಡ್ ತಗೊಂಡ್ರಾಯ್ತು. ಏಳ್ದೇ ಹೋದ್ರೆ ಬ್ಯಾಂಕ್‌ನೋರು ಬಂದು ನಿನ್ ಮುಂದೆ ನಿಂತ್ಕೋಬಾರ್ದು" ಎಂದರು. ಹಾಗಾದರೆ ಆ ಮೈಲು ಯಾತಕ್ಕೆ ರೀ ಎಂದು ಕೇಳಿದೆ. "ಅದು ನನ್ನೊಬ್ನ ಹೆಸ್ರಲ್ಲಿದೆ ಕಣೆ. ನಾನು ಇರೋವಾಗ್ಲೇ ಖರ್ಚಾಗ್ಬೇಕು" ಎಂದು ಮುಖ ತಿರುಗಿಸಿಕೊಂಡರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ಗೊತ್ತಿಲ್ಲ. ಪಾಯಿಂಟುಗಳೆಲ್ಲ ವಿಮಾನ ಕಂಪನಿಗೆ ಹೋದ ಮೇಲೆ ಕಾರ್ಡನ್ನು ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದರು. ದಿನಾ ಬೆಳಗ್ಗೆ ಕಾಫಿ ಲೋಟ ಆರುತ್ತಿದ್ದರೂ ಮೊದಲು ಫೋನ್ ತೆರೆದು ಮೈಲು ನೋಡುವರು. ಇದ್ದರೆ ಒಂದು ಉಸಿರು ಬಿಡುವರು. ಆ ಉಸಿರು ಕೇಳಿದ ಮೇಲೆಯೇ ನನಗೂ ಉಸಿರು. ಮೊನ್ನೆ ಸೋಮವಾರ ಆ ಉಸಿರು ಕೇಳಿಸಲಿಲ್ಲ. ಬಂದು ನೋಡಿದರೆ ಮುಖ ಬಿಳಿಚಿಕೊಂಡಿತ್ತು. ಬೋನಸ್ಸಾಗಿ ಬಂದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದರು, ಹೆಚ್ಚುಕಡಿಮೆ ಅರ್ಧ. ಕೆಮ್ಮು ಹತ್ತಿ ಗೋಡೆ ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಈಗಲೇ, ಇಲ್ಲೇ ಏನೋ ಆಗಿಬಿಡುತ್ತದೆ ಎಂದು ನಾನು ಎದೆ ನೀವುತ್ತಾ ಎಲ್ಲ ದೇವರನ್ನೂ ಕರೆದೆ. ಸುಧಾರಿಸಿಕೊಂಡು ವಿಮಾನ ಕಂಪನಿಗೆ ಫೋನ್ ಮಾಡಿದರು. ನಿಮ್ಮಪ್ಪ ಯಾರನ್ನಾದರೂ ಬೇಡಿದ್ದನ್ನು ನೀನು ಕಂಡಿದ್ದೀಯಾ? ಅವತ್ತು ಬೇಡಿದರು. "ನೋಡಿ ಸ್ವಾಮಿ, ಬೇರೆ ಯಾತಕ್ಕೂ ಅಲ್ಲ, ತುಂಬಾ ಅರ್ಜೆಂಟಿದೆ" ಎಂದರು. ಬೋನಸ್ ಬಿಡಲು ಆಗುವುದಿಲ್ಲ, ನಿಯಮ; ಆದರೆ ಉಳಿದದ್ದು ಪೂರ್ತಿ ನಿಮ್ಮದೇ, ಕಾರ್ಡ್ ಇಲ್ಲದಿದ್ದರೂ ಯಾರೂ ಮುಟ್ಟುವುದಿಲ್ಲ ಎಂದು ಆ ಕಡೆಯವನು ಹೇಳಿದ. ಇವರು ಅದನ್ನು ಅವನಿಂದ ಎರಡು ಸಲ ಹೇಳಿಸಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು.

ನನಗೆ ಭಯವಾಗುತ್ತಿದೆ ಕಂದಾ. ಊಟವಾದ ಮೇಲೆ ಅವರು ಒರಗಿಕೊಂಡರೆ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂರುತ್ತೇನೆ. ಇನ್ನೊಂದು ಮಾತು ನನ್ನನ್ನು ಸುಡುತ್ತಿದೆ. ಮೂರು ವರ್ಷದ ಹಿಂದೆ ಈ ಮದುವೆಗಾಗಿ ಅವರು ನಿನ್ನನ್ನು ಮನೆ ಬಿಟ್ಟು ಹೋಗು ಎಂದಾಗ ನಾನು ಅಡ್ಡ ಬರಲಿಲ್ಲ. ಅವರು ಒಂದು ವಾರ ಬಿಟ್ಟು ಸರಿಹೋಗುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ವಾರ ಹೋಗಿ ವರ್ಷಗಳಾದವು. ಅವರ ಸಿಟ್ಟಿಗಿಂತ ನನ್ನ ಮೌನ ನಿನ್ನನ್ನು ಹೆಚ್ಚು ನೋಯಿಸಿರಬೇಕು. ಕ್ಷಮಿಸು.

ಮುದಸ್ಸಿರ್‌ಗೆ ಈ ಅತ್ತೆಯ ಆಶೀರ್ವಾದ ತಿಳಿಸು, ತಡವಾಗಿಯಾದರೂ ಮನಸ್ಸಿನಿಂದ ಕೊಟ್ಟದ್ದು. ಇಬ್ಬರೂ ಹೊತ್ತುಹೊತ್ತಿಗೆ ಊಟ ಮಾಡಿ. ಗ್ರಾಮದೇವತೆ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ ಹೆತ್ತಮ್ಮ,
ಸುಕನ್ಯ

ತಾ.ಕ.: ಕಾಗದದ ಜೊತೆ ಪಿನ್ನು ಹಾಕಿರುವ ಹಾಳೆಗಳು ವಿಮಾನದ ಟಿಕೆಟ್ಟು. ಹತ್ತೊಂಬತ್ತನೇ ತಾರೀಕು ಬುಧವಾರ ಮಸ್ಕತ್‌ನಿಂದ ಬೆಂಗಳೂರಿಗೆ. ಆಪರೇಷನ್ ಇಪ್ಪತ್ನಾಲ್ಕು ಸೋಮವಾರ. ಬೋನಸ್ ಉಳಿದಿದ್ದರೆ ನಿಮ್ಮಿಬ್ಬರಿಗೂ ಹೋಗಿ ಬರುವುದಕ್ಕೆ ಆಗುತ್ತಿತ್ತು. ಈಗ ಉಳಿದದ್ದರಲ್ಲಿ ಒಬ್ಬರು ಬಂದು ಹೋಗಬಹುದು, ಇಲ್ಲ ಇಬ್ಬರು ಬರಬಹುದು, ಅಷ್ಟೇ. ಪದ್ದುವನ್ನು ಮಾತ್ರ ಕರೆಸೋಣ ಎಂದು ನಾನೇ ಹೇಳಿದೆ. "ಒಬ್ಳನ್ನೇ ಕರೆದ್ರೆ ಅವ್ಳು ಬರಲ್ಲ ಕಣೆ. ಬರ್ಲೂಬಾರ್ದು" ಎಂದರು. ಗುರುವಾರ ಮಹೀನ್ ತಮ್ಮ ಫೋನಿನಲ್ಲಿದ್ದ ನಿಮ್ಮ ಪಾಸ್‌ಪೋರ್ಟ್ ತೋರಿಸಿ ನನ್ನಿಂದ ಬರೆಸಿದ ಹೆಸರುಗಳನ್ನು ನಿಮ್ಮಪ್ಪ ನಿನ್ನೆ ಒಂದೊಂದೇ ಅಕ್ಷರ ಒತ್ತಿ ಹಾಕಿದರು. ಮುದಸ್ಸಿರ್ ಹೆಸರನ್ನು, ತಪ್ಪಾದರೆ ವಿಮಾನ ಹತ್ತಿಸುವುದಿಲ್ಲವಂತೆ ಎಂದು, ನನ್ನಿಂದ ನಾಲ್ಕು ಸಲ ಓದಿಸಿದರು. ನಿನಗೆ ಬರೆಯಲು ಪೆನ್ನು ಹಿಡಿದವರು ಹಾಗೇ ಇಟ್ಟು, ನೀನೇ ಬರೆ ಎಂದರು. ಆಪರೇಷನ್ನಿಗಿಂತ ಇದಕ್ಕೇ ಹೆಚ್ಚು ಹೆದರಿದ್ದಾರೆ. ಬೆಳಗ್ಗೆಯಿಂದ "ಬರ್ತಾಳಾ?" ಎಂದು ಕೇಳುತ್ತಲೇ ಇದ್ದಾರೆ. ನಿನ್ನನ್ನು ಕೇಳದೆ, ಬರ್ತಾಳೆ ಎಂದು ಹೇಳಿಬಿಟ್ಟಿದ್ದೇನೆ.